ನ್ಯಾಯಾಧೀಶರ ಸೊಂಟದ ಒಂಬತ್ತು ಪ್ರತಿಗಳು

ಫ್ಯಾಕ್ಸ್ ಯಂತ್ರವೇ ಇಲ್ಲದೆ ಫ್ಯಾಕ್ಸ್ ಕಳಿಸುವ ವಿದ್ಯೆ ಗೊತ್ತಿರುವವರು ಈ ಭೂಮಂಡಲದಲ್ಲಿ ಮೂರೇ ಜನ, ಅವರಲ್ಲಿ ಇಬ್ಬರು ಇಷ್ಟು ಹೊತ್ತಿಗೆ ತೀರಿಕೊಂಡಿರಬೇಕು ಎಂದು ಆ ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಮನೆಯಲ್ಲಿ ಘೋಷಿಸಿದೆ.

"ಮೂರನೆಯವರದು ತಿಂಡಿ ಆಯ್ತಾ?" ಎಂದಳು ನನ್ನ ಹೆಂಡತಿ.

ಘೋಷಣೆ ಕೇಳಲು ನೆರೆದಿದ್ದ ಜನಸಾಗರವೆಂದರೆ ಅವಳೊಬ್ಬಳೇ. ಅವಳು ದರ್ಜಿ. ಮೂರನೇ ಮಹಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ನಲವತ್ತು ವರ್ಷಗಳಿಂದ ಅರ್ಧ ಊರಿನ ಮಾನ ಮುಚ್ಚಿದವಳು. ಅವಳ ಕತ್ತರಿ ಮೇಜಿನ ಒಂದು ಮೂಲೆಯನ್ನು ಮಗಳು ಕೊಡಿಸಿದ ಕಂಪ್ಯೂಟರಿಗೂ ಅದರ ಪಕ್ಕದ ಸ್ಕ್ಯಾನರಿಗೂ ಬಿಟ್ಟುಕೊಟ್ಟಿದ್ದಳು. ಆ ಮೂಲೆ ನನ್ನ ಸಾಮ್ರಾಜ್ಯ. ಗಡಿ ದಾಟಿ ನನ್ನ ಮೊಣಕೈ ಹೋದರೆ ಸೂಜಿ ಚುಚ್ಚುತ್ತಿತ್ತು.

ವಿಷಯ ಇಷ್ಟು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವೈದ್ಯರ ಹತ್ತಿರ ಮಗಳ ಜೊತೆ ಹೋಗಿಬಂದವಳು "ಸ್ವಲ್ಪ ಮಂಜು, ಅಷ್ಟೇ" ಎಂದಿದ್ದಳು. ರೈಲಿನಲ್ಲಿ ಮೂರು ಗಂಟೆ ದೂರದ ದೊಡ್ಡ ಆಸ್ಪತ್ರೆಯಲ್ಲಿ ಸೋಮವಾರ ಶಸ್ತ್ರಚಿಕಿತ್ಸೆಯ ಸರದಿ ಸಿಕ್ಕಿತ್ತು. ಆದರೆ ಎರಡು ಹಾಳೆಯ ಒಪ್ಪಿಗೆ ಪತ್ರ ಸಹಿಯಾಗಿ ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಅವರ ದಾಖಲೆ ಕೋಣೆಗೆ ಮುಟ್ಟಬೇಕು. ಫ್ಯಾಕ್ಸಿನಲ್ಲೇ ಮುಟ್ಟಬೇಕು. ಇಮೇಲ್ ಅವರು ಮುಟ್ಟುವುದಿಲ್ಲ, ಮಡಿ! ತಪ್ಪಿದರೆ ಸರದಿ ಇನ್ನೊಬ್ಬರಿಗೆ. ಮತ್ತೆ ಸಿಗುವುದು ನಾಲ್ಕು ತಿಂಗಳ ಮೇಲೆ.

"ಫೋಟೋಕಾಪಿ ಅಂಗಡೀಲಿ ಯಂತ್ರ ಇದೆಯಂತೆ. ಹತ್ತು ನಿಮಿಷ. ಕೊಟ್ಟು ಬಂದುಬಿಡಿ" ಎಂದಳು.

"ನಾನು? ಅಂಗಡಿಗೆ? ಕಚೇರಿಯ ರವಾನೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವನು ಒಂದು ಫ್ಯಾಕ್ಸಿಗಾಗಿ ಬೀದಿಗಿಳಿಯಬೇಕಾ? ನನ್ನನ್ನ ಅಲ್ಲಿ 'ಮಿಂಚು' ಅಂತಿದ್ದರು, ಗೊತ್ತಾ?"

"ಗೊತ್ತು. ಫಳಕ್ಕಂತ ಕಾಣಿಸಿ ಮಾಯ ಆಗ್ತಿದ್ರಿ ಅಂತ."

ನಾನು ಕೇಳಿಸಲಿಲ್ಲವೆಂಬಂತೆ ಸ್ಕ್ಯಾನರಿನ ಧೂಳು ಒರೆಸಿದೆ.

"ನಮ್ಮನೇಲೇ ಒಂದು ಯಂತ್ರ ಇತ್ತು" ಎಂದು ಅವಳು ಬಟ್ಟೆಗೆ ಹೇಳಿದಳು. ನನಗೆ ಹೇಳಬೇಕಾದದ್ದನ್ನು ಬಟ್ಟೆಗೆ ಹೇಳುವುದು ಅವಳ ಪದ್ಧತಿ.

ಇತ್ತು, ನಿಜ. ದೂರದ ಗಿರಾಕಿಗಳು ಅಳತೆ ಕಳಿಸಲೆಂದು ಅವಳೇ ತರಿಸಿದ್ದ ಯಂತ್ರ. ಎರಡು ವರ್ಷದ ಹಿಂದೆ ಕಂಪ್ಯೂಟರ್ ಬಂದ ದಿನ ನಾನು ಅದನ್ನು ಎತ್ತಿ ಗುಜರಿಯವನ ಗಾಡಿಗೆ ಹಾಕಿದ್ದೆ. "ಡೈನೋಸಾರ್‌ಗಳ ಕಾಲ ಮುಗಿಯಿತು!" ಎಂದು ಬಾಲ್ಕನಿಯಿಂದ ಭಾಷಣ ಬೇರೆ ಮಾಡಿದ್ದೆ. ಕೆಳಗೆ ಹೋಗುತ್ತಿದ್ದವರು ಇಬ್ಬರು ನಿಂತು ಕೇಳಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆ ಚಪ್ಪಾಳೆಯೇ ನನ್ನನ್ನು ಹಾಳುಮಾಡಿದ್ದು.

ಮುಂದೆ ಹೋಗುವ ಮೊದಲು ನಮ್ಮ ದಾಂಪತ್ಯದ ಬಗ್ಗೆ ಒಂದೆರಡು ಮಾತು ಹೇಳಬೇಕು. ಜಂಬ ಎಂದುಕೊಳ್ಳಬೇಡಿ. ಎಪ್ಪತ್ತರ ಹತ್ತಿರ ನನ್ನ ಹೆಂಡತಿಗೆ ನನ್ನ ಮೇಲೆ ಹೊಸದಾಗಿ ಪ್ರೀತಿ ಹುಟ್ಟಿತ್ತು! ಮೆಟ್ಟಿಲು ಇಳಿಯುವಾಗ ತೋಳು ಹಿಡಿಯುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಹಿಡಿದವಳಲ್ಲ. ಬೆಳಿಗ್ಗೆ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು "ನೀವೇ ಓದಿ ಹೇಳಿ" ಎನ್ನುತ್ತಿದ್ದಳು. ನನ್ನ ಕಂಠದ ಮಾಧುರ್ಯ ಅವಳಿಗೆ ಅರ್ಥವಾಗಲು ನಲವತ್ತನಾಲ್ಕು ವರ್ಷ ಬೇಕಾಯಿತು ಎಂದುಕೊಂಡೆ. ಕೈಬರಹವೂ ಬದಲಾಗಿತ್ತು. ಮೊದಲು ಸಾಸಿವೆಯಂತೆ ಬರೆಯುತ್ತಿದ್ದವಳು ಈಗ ದಪ್ಪ ಪೆನ್ನು ಹಿಡಿದು ಒಂದೊಂದು ಅಕ್ಷರವನ್ನೂ ಸೌತೆಕಾಯಿಯಷ್ಟು ಬರೆಯುತ್ತಿದ್ದಳು. ವಯಸ್ಸಾದ ಹಾಗೆ ಆತ್ಮವಿಶ್ವಾಸ ಬೆಳೆಯುತ್ತದೆ ನೋಡಿ! ಇನ್ನು ನನ್ನ ಅಂಗಿ. ನೀಲಿ ಅಂಗಿಗೆ ಮೂರು ನೀಲಿ ಗುಂಡಿ, ಎರಡು ಹಸಿರು ಗುಂಡಿ ಹಾಕಿಕೊಟ್ಟಿದ್ದಳು. "ಇದೇನು?" ಎಂದರೆ ಗುಂಡಿಗಳನ್ನು ಬೆರಳಿನಿಂದ ಸವರಿ "ಈಗಿನ ಫ್ಯಾಶನ್" ಎಂದಿದ್ದಳು. ನಾನು ಅದನ್ನು ತೊಟ್ಟು ಇಡೀ ಬೀದಿಯಲ್ಲಿ ಎದೆ ಮುಂದೆ ಮಾಡಿಕೊಂಡು ತಿರುಗಿದ್ದೆ.

ಸರಿ, ಫ್ಯಾಕ್ಸ್.

ಒಪ್ಪಿಗೆ ಪತ್ರ ಅವಳ ಕಾಗದದ ಗುಡ್ಡೆಯಲ್ಲಿ ಸಿಕ್ಕಿತು. ನಮ್ಮ ಮನೆಯಲ್ಲಿ ಹೊಸ ಕಾಗದ ಎಂಬ ವಸ್ತು ಇಲ್ಲ. ಒಂದು ಬದಿ ಖಾಲಿಯಿದ್ದ ಹಾಳೆ ಯಾವುದೇ ಇರಲಿ, ಮದುವೆಯ ಕರೆಯೋಲೆಯಾಗಲಿ ನೀರಿನ ಇಲಾಖೆಯ ಎಚ್ಚರಿಕೆಯಾಗಲಿ, ಅದರ ಬೆನ್ನ ಮೇಲೆ ಯಾರದಾದರೂ ಎದೆಯ ಸುತ್ತಳತೆ ಇದ್ದೇ ಇರುತ್ತದೆ. ಹಾಗಾಗಿ ಈ ಹಾಳೆಗಳ ಹಿಂಬದಿಯಲ್ಲಿ ಏನೋ ಕಪ್ಪಗೆ ಕಂಡರೂ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

"ಸಹಿ ಹಾಕು."

"ಎಲ್ಲಿ?"

"ಇಲ್ಲಿ." ಬೆರಳಿಟ್ಟು ತೋರಿಸಿದೆ. ಅವಳು ನನ್ನ ಬೆರಳನ್ನು ಮುಟ್ಟಿ ನೋಡಿ, ಅದರ ಎಡಕ್ಕೆ ಶುರುಮಾಡಿ ಸಹಿ ಹಾಕಿದಳು. ಕೊನೆಯ ಅಕ್ಷರ ನನ್ನ ಉಗುರಿನ ಮೇಲೆ ಬಿತ್ತು. ದೊಡ್ಡ ಕಲಾವಿದರ ಸಹಿಗಳು ಚೌಕಟ್ಟಿಗೆ ಬಗ್ಗುವುದಿಲ್ಲ ಎಂದುಕೊಂಡು ಬೆರಳು ಒರೆಸಿಕೊಂಡೆ.

ಕಂಪ್ಯೂಟರಿನಿಂದ ಫ್ಯಾಕ್ಸ್ ಕಳಿಸಿಕೊಡುವ ಒಂದು ಜಾಲತಾಣ ಹಿಡಿದೆ. ಹೆಸರು ಕೊಡಿ ಎಂದಿತು, ಕೊಟ್ಟೆ. ಗುಪ್ತಪದ ಕೊಡಿ ಎಂದಿತು, ಕೊಟ್ಟೆ. ನಿಮ್ಮ ಗುಪ್ತಪದ ದುರ್ಬಲವಾಗಿದೆ ಎಂದಿತು. ಈ ಮನೆಯಲ್ಲಿ ದುರ್ಬಲವಾಗಿರುವುದು ಅದೊಂದೇ ಅಲ್ಲ ಎಂದು ಗೊಣಗಿ ಇನ್ನೊಂದು ಕೊಟ್ಟೆ. ಆಮೇಲೆ ಮುಖಪುಟ ಬರೆದೆ: "ಮಾನ್ಯರೇ, ಯಂತ್ರದ ಹಂಗಿಲ್ಲದೆ, ಬರಿಯ ಬುದ್ಧಿಬಲದಿಂದ ರವಾನಿಸಲಾದ ಈ ಪತ್ರವನ್ನು ಸ್ವೀಕರಿಸುವುದು." ಓದಿ ನನಗೇ ರೋಮಾಂಚನವಾಯಿತು.

ಆಮೇಲೆ ಹಾಳೆಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಒಂದೊಂದಾಗಿ ಇಟ್ಟೆ. ಕಚೇರಿಯ ಯಂತ್ರದಲ್ಲಿ ಮೂವತ್ತೊಂದು ವರ್ಷ ಹೇಗೆ ಇಡುತ್ತಿದ್ದೆನೋ ಹಾಗೆಯೇ: ಮುಖ ಮೇಲಾಗಿ. ಆ ಯಂತ್ರ ಮೇಲಿನಿಂದ ಓದುತ್ತಿತ್ತು. ಸ್ಕ್ಯಾನರ್ ಕೆಳಗಿನಿಂದ ಓದುತ್ತದೆ. ಈ ಸಣ್ಣ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ಪಾಪ, ಕಂಪ್ಯೂಟರ್ ಸಭ್ಯವಾಗಿ ಕೇಳಿತು: "ಕಳಿಸುವ ಮೊದಲು ಒಮ್ಮೆ ನೋಡುವಿರಾ?"

"ನೋಡೋದೇನಿದೆ?" ಎಂದು "ಬೇಡ" ಒತ್ತಿದೆ.

ಆ ಕಡೆಯ ಫೋನ್ ಲೈನ್ ಬಿಡುವಿಲ್ಲ ಎಂದಿತು. ಮತ್ತೆ ಒತ್ತಿದೆ. ಬಿಡುವಿಲ್ಲ. ಮತ್ತೆ. ಹೀಗೆ ಒಂಬತ್ತು ಸಲ. ನಾನು ಒಂದು ಸಲ ಒತ್ತಿದರೆ ಸಾಕು, ಲೈನ್ ಬಿಡುವಾಗುವ ತನಕ ಅದು ತಾನೇ ಪ್ರಯತ್ನಿಸುತ್ತಿರುತ್ತದೆ ಎಂಬುದನ್ನು ಪುಟದ ಕೆಳಗೆ ಇರುವೆ ಗಾತ್ರದಲ್ಲಿ ಬರೆದಿದ್ದರಂತೆ. ಕೊನೆಗೆ "ಕಳುಹಿಸಲಾಗಿದೆ" ಎಂಬ ಹಸಿರು ಅಕ್ಷರ ಮೂಡಿತು. ಬೆನ್ನಿಗೇ ಇನ್ನೊಂದು. ಮತ್ತೊಂದು.

"ನೋಡಿದೆಯಾ!" ಎಂದೆ.

"ನೋಡಿದೆ, ನೋಡಿದೆ" ಎಂದಳು ಅವಳು, ಕಿಟಕಿಯ ಕಡೆಗೆ ತಿರುಗಿ.

ಹನ್ನೊಂದೂಕಾಲಿಗೆ ಫೋನ್ ಬಂತು. ಆಸ್ಪತ್ರೆಯ ದಾಖಲೆ ಕೋಣೆಯಿಂದ, ಒಬ್ಬ ಹೆಂಗಸಿನ ದನಿ. ಅಭಿನಂದನೆ ಹೇಳಲು ಮಾಡಿದ್ದಾರೆ, ಮನೆಯವಳೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ನನ್ನ ಜೀವನದ ದೊಡ್ಡ ತಪ್ಪುಗಳೆಲ್ಲ ಬೇರೆಯವರೂ ಕೇಳಲಿ ಎಂಬ ಉದಾರತೆಯಿಂದ ಆದಂಥವು.

"ಬುದ್ಧಿಬಲದಿಂದ ರವಾನಿಸಿದವರು ನೀವೇನಾ?" ಎಂದಳು ಆಕೆ.

"ನಾನೇ, ನಾನೇ!"

"ಸರ್, ಇದು ಕಣ್ಣಿನ ಆಸ್ಪತ್ರೆ. ನೀವು ಯಾರದ್ದೋ ಸೊಂಟ ಕಳಿಸಿದ್ದೀರಿ."

ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ಏಳು ಪ್ರತಿ ಬಂದಿದೆ. 'ನ್ಯಾಯಾಧೀಶರು. ಸೊಂಟ ನಲವತ್ತನಾಲ್ಕು. ಹೊಟ್ಟೆ ಒಳಗೆಳ್ಕೊಂಡು ನಿಲ್ತಾರೆ, ಎರಡು ಇಂಚು ಸಡಿಲ ಬಿಡಬೇಕು.' ಇದನ್ನ ಯಾವ ವಿಭಾಗಕ್ಕೆ ಕಳಿಸ್ಲಿ ನಾನು?"

ನ್ಯಾಯಾಧೀಶರೆಂದರೆ ಮೊದಲನೇ ಮಹಡಿಯ ನಿವೃತ್ತರು. ನನ್ನ ಹೆಂಡತಿ ಎದ್ದು ನಿಂತಿದ್ದಳು. "ಅಯ್ಯೋ ನಿಮ್ಮ! ನಲವತ್ತು ವರ್ಷದಲ್ಲಿ ಒಬ್ಬ ಗಂಡಸಿನ ಸೊಂಟ ಅವನ ಹೆಂಡತಿಗೂ ಹೇಳಿದವಳಲ್ಲ ನಾನು! ಹಾಳೆ ಉಲ್ಟಾ ಇಟ್ರಾ?"

"ನೀನು ಒಪ್ಪಿಗೆ ಪತ್ರದ ಹಿಂದೆ ಯಾಕೆ ಬರೆದೆ?"

"ಒಪ್ಪಿಗೆ ಪತ್ರ ಅಂತ ನನಗೇನು ಗೊತ್ತು? ಖಾಲಿ ಹಾಳೆ ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ನಾನು ಹಾಳೆಯ ಮುಂಬದಿ ನೋಡಿದೆ. ಅಚ್ಚು ತುಸು ತಿಳಿ, ನಿಜ. ಆದರೆ ತಲೆಬರಹ ಬಾಗಿಲ ಫಲಕದಷ್ಟು ದೊಡ್ಡದಿತ್ತು.

"ಎರಡನೇ ಪುಟಾನೂ ಅಳತೆ ಇರಬಹುದು ಅಂತ ಓದಿಬಿಟ್ಟೆ, ಕ್ಷಮಿಸಿ" ಎಂದಳು ಫೋನಿನ ಹೆಂಗಸು. ಅವಳ ದನಿ ತುಸು ತಗ್ಗಿತ್ತು. "ಅದು ಅಳತೆ ಅಲ್ಲ. ಮೇಲೆ 'ಕಣ್ಣು ಬಂದ ಮೇಲೆ' ಅಂತ ಇದೆ."

"ಓದಬೇಡಮ್ಮಾ" ಎಂದಳು ನನ್ನವಳು.

"ಓದಿ" ಎಂದೆ ನಾನು. ಯಾವತ್ತಿನ ಹಾಗೆ ಯೋಚಿಸದೆಯೇ.

ಆಕೆ ಓದಿದಳು. "'ಮೊಮ್ಮಗಳ ಮುಂದಿನ ಹಲ್ಲು ಬಿದ್ದಿದೆಯಂತೆ. ಹೊಸದು ಬರೋದರೊಳಗೆ ಆ ಸಂದಿ ನೋಡಬೇಕು. ಸೂಜಿಗೆ ದಾರ ನಾನೇ ಪೋಣಿಸಬೇಕು, ಕೆಳಮನೆಯವಳನ್ನ ಕರೆದದ್ದು ಸಾಕು. ನ್ಯಾಯಾಧೀಶರ ಕೋಟಿನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿ, ತಪ್ಪಾಯ್ತು ಅನ್ನಬೇಕು. ಇವರ ನೀಲಿ ಅಂಗಿಯದೂ. ಪಾಪ, ಫ್ಯಾಶನ್ ಅಂತ ನಂಬಿದ್ದಾರೆ.'"

ನಾನು ನನ್ನ ಎದೆ ನೋಡಿಕೊಂಡೆ. ಆ ಅಂಗಿಯನ್ನೇ ತೊಟ್ಟಿದ್ದೆ.

"'ಪತ್ರಿಕೆ ನಾನೇ ಓದ್ಕೋಬೇಕು. ಇವರು ಅರ್ಧ ಸುದ್ದಿ ಸ್ವಂತ ಕಟ್ಟಿ ಓದ್ತಾರೆ ಅಂತ ಅನುಮಾನ. ಇವರ ಮುಖ ನೋಡಬೇಕು, ಅದಕ್ಕೇನೂ ಆತುರ ಇಲ್ಲ, ಗುರುತಿದೆ.'" ಇಲ್ಲಿ ಆಕೆ ನಿಲ್ಲಿಸಿದಳು. "ಇನ್ನೊಂದು ಸಾಲಿದೆ ಸರ್. 'ಎಷ್ಟು ಕಾಣಲ್ಲ ಅಂತ ಇವರಿಗೆ ಹೇಳಬಾರದು. ಹೆದರ್ತಾರೆ.'"

ಮೂವತ್ತೊಂದು ವರ್ಷ ನಾನು ಸಾವಿರಾರು ಕಾಗದಗಳನ್ನು ರವಾನಿಸಿದ್ದೇನೆ. ಒಂದನ್ನೂ ಓದಿದವನಲ್ಲ, ಓದುವುದು ರವಾನೆಯವನ ಕೆಲಸವಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಒಂದೇ ಮನೆಯಲ್ಲಿ, ಒಂದೇ ಮೇಜಿನ ಆ ಕಡೆ ಈ ಕಡೆ ಕೂತು, ಸೌತೆಕಾಯಿಯಷ್ಟು ದೊಡ್ಡದಾಗಿ ಬರೆದಿಟ್ಟದ್ದನ್ನೂ ಓದಿರಲಿಲ್ಲ. ಪೊರೆ ಅವಳ ಕಣ್ಣಿಗೆ ಬಂದಿತ್ತು, ಸರಿ. ನನ್ನದಕ್ಕೆ ಏನು ಬಂದಿತ್ತು?

"ಸರ್, ಇದ್ದೀರಾ? ನಮ್ಮ ಯಂತ್ರದಲ್ಲಿ ಕಾಗದ ಮುಗಿದಿದೆ, ನಿಮ್ಮ ಕೃಪೆ. ನಾನು ತುಂಬಿಸ್ತೀನಿ. ಹನ್ನೆರಡರೊಳಗೆ ಸರಿಯಾದ ಬದಿ ಕಳಿಸಿ. ಆಮೇಲೆ ಬಂದ್ರೆ ನನ್ನ ಕೈಲಿಲ್ಲ."

ಹನ್ನೊಂದೂವರೆ. ಹಸಿರು ಅಕ್ಷರದ ಮೇಲೆ ನನಗಿದ್ದ ನಂಬಿಕೆ ಸತ್ತಿತ್ತು. "ಅಂಗಡಿಗೆ ಹೋಗೋಣ" ಎಂದು ಕಂಪ್ಯೂಟರನ್ನು ಮುಚ್ಚಿ ಹಾಳೆಗಳನ್ನು ಎತ್ತಿಕೊಂಡೆ.

ಮೆಟ್ಟಿಲ ಹತ್ತಿರ ಅವಳು ತೋಳು ಹಿಡಿದಳು. ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು, ಆರು ತಿರುವು. ಅವಳ ತುಟಿ ಅಲ್ಲಾಡುತ್ತಿತ್ತು. ಲೆಕ್ಕ ಹಾಕುತ್ತಿದ್ದಳು. ಎಷ್ಟು ದಿನದಿಂದ ಎಣಿಸಿಕೊಂಡು ಇಳಿಯುತ್ತಿದ್ದಾಳೋ, ನಾನು ಪಕ್ಕದಲ್ಲಿ ನನ್ನ ಹಳೆಯ ಪರಾಕ್ರಮಗಳನ್ನು ಹೇಳಿ ಎಷ್ಟು ಸಲ ಲೆಕ್ಕ ತಪ್ಪಿಸಿದ್ದೇನೋ. ಅವತ್ತು ಬಾಯಿ ಮುಚ್ಚಿಕೊಂಡು ಇಳಿದೆ.

"ಯಾಕೆ ಸುಮ್ಮನಿದ್ದೀರಾ?" ಎಂದಳು ಕೆಳಗೆ ಬಂದ ಮೇಲೆ. "ಹೆದರ್ಕೊಂಡ್ರಾ?"

"ನಾನಾ? ಛೆ!"

"ಅದಕ್ಕೇ ಹೇಳಿರಲಿಲ್ಲ" ಎಂದಳು.

ಫೋಟೋಕಾಪಿ ಅಂಗಡಿಯೆಂದರೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಒಂದು ಸೀಳು. ಅಂಗಡಿಯಾತ ಕನ್ನಡಕ ಹಣೆಗೇರಿಸಿ, ಮೂಲೆಯಲ್ಲಿದ್ದ ಯಂತ್ರದ ಮೇಲಿನ ಬಟ್ಟೆ ಸರಿಸಿದ. ನನ್ನವಳು ಅದರ ಮೇಲೆ ಕೈಯಾಡಿಸಿದಳು. ಬಲ ಅಂಚಿನಲ್ಲಿ ಬೆರಳು ನಿಂತಿತು.

"ರೀ. ಇದು ನಮ್ಮದು."

"ಏನು ಮಾತು! ಎಲ್ಲಾ ಯಂತ್ರಾನೂ ಒಂದೇ ಥರ..."

"ಇಲ್ಲಿ ಮುಟ್ಟಿ. ನಾನು ಇಸ್ತ್ರಿಪೆಟ್ಟಿಗೆ ತಾಗಿಸಿದ ಗುರುತು."

ಮುಟ್ಟಿದೆ. ಕರಗಿ ಗಟ್ಟಿಯಾದ ಪ್ಲಾಸ್ಟಿಕ್, ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರ.

"ಗುಜರಿಯವನಿಂದ ತಗೊಂಡೆ" ಎಂದ ಅಂಗಡಿಯಾತ. "ಯಾವನೋ ಪುಣ್ಯಾತ್ಮ ಬಿಸಾಡಿದ್ನಂತೆ. ಕುದುರೆ ಥರ ಓಡುತ್ತೆ. ಅವನಿಗೆ ತಲೆ ಇತ್ತೋ ಇಲ್ವೋ!"

"ಇತ್ತು, ಇತ್ತು" ಎಂದಳು ನನ್ನವಳು. "ಈಗಲೂ ಇದೆ. ಕೂದಲು ಮಾತ್ರ ಇಲ್ಲ."

ನಾನು ಗೋಡೆಯ ಮೇಲಿದ್ದ ದರಪಟ್ಟಿಯನ್ನು ಬಹಳ ಆಸಕ್ತಿಯಿಂದ ಓದಿದೆ.

ಅವಳು ಯಾರನ್ನೂ ಹತ್ತಿರ ಬಿಡಲಿಲ್ಲ. ಹಾಳೆಯ ಎರಡೂ ಬದಿ ಬೆರಳಿನಿಂದ ಸವರಿ ತನ್ನ ದಪ್ಪ ಪೆನ್ನಿನ ಒತ್ತನ್ನು ಗುರುತುಹಿಡಿದು, ಆ ಬದಿಯನ್ನು ಮೇಲೆ ಮಾಡಿ, ಮುಖ ಕೆಳಗಾಗಿ ಸೇರಿಸಿದಳು. ನಂಬರು ಬಾಯಿಪಾಠ. ಗುಂಡಿಗಳನ್ನು ಮುಟ್ಟಿಯೇ ಒತ್ತಿದಳು. ಯಂತ್ರ ಹಳೆಯ ಯಜಮಾನಿಯನ್ನು ಕಂಡ ನಾಯಿಯಂತೆ ಕುಂಯ್‌ಗುಟ್ಟಿತು. ಆಮೇಲೆ ಲೈನ್ ಬಿಡುವಿಲ್ಲ ಎಂದಿತು.

ಹನ್ನೊಂದು ನಲವತ್ತೇಳು. ಬಿಡುವಿಲ್ಲ. ಹನ್ನೊಂದು ಐವತ್ತು. ಬಿಡುವಿಲ್ಲ.

ದಾಖಲೆ ಕೋಣೆಗೆ ಫೋನ್ ಮಾಡಿದೆ. "ಯಾರಮ್ಮಾ ಅದು ಅಷ್ಟು ಹೊತ್ತಿಂದ ನಿಮ್ಮ ಲೈನ್ ಹಿಡ್ಕೊಂಡಿರೋ ಕತ್ತೆ?"

"ನೀವೇ ಸರ್. ಕಾಗದ ತುಂಬಿಸಿದ ಕೂಡಲೇ ಎಂಟನೇ ಸೊಂಟ ಬಂತು. ಈಗ ಒಂಬತ್ತನೇದು ಬರ್ತಾ ಇದೆ."

ಮನೆಯಲ್ಲಿ ಕಂಪ್ಯೂಟರ್ ಮುಚ್ಚಿದರೇನು? ಫ್ಯಾಕ್ಸ್ ಕಳಿಸುತ್ತಿದ್ದುದು ಅದಲ್ಲ, ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತ ಇನ್ನೊಂದು ಯಂತ್ರ. ಅದಕ್ಕೆ ನಿದ್ದೆಯಿಲ್ಲ, ದಣಿವಿಲ್ಲ, ನಾಚಿಕೆಯಿಲ್ಲ. ನಾನು ಒಂಬತ್ತು ಸಲ ಒತ್ತಿದ್ದೆ, ಅದು ಒಂಬತ್ತು ಸಲ ಕಳಿಸಿಯೇ ತೀರುತ್ತದೆ. ನನ್ನ ಹೆಂಡತಿಯ ಕಣ್ಣಿಗೆ ಅಡ್ಡ ನಿಂತಿದ್ದದ್ದು ನಾನೇ. ಮುಖಪುಟ ಸಮೇತ!

"ಏನಾದ್ರೂ ಮಾಡಮ್ಮಾ" ಎಂದೆ. ಆ ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ. "ಮೊಮ್ಮಗಳಿಗೆ ನಾಲ್ಕು ತಿಂಗಳಲ್ಲಿ ಹಲ್ಲು ಬಂದುಬಿಡುತ್ತೆ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಬಂತು. "ಎರಡು ನಿಮಿಷ. ಪ್ಲಗ್ ಎಳೀತೀನಿ. ಮತ್ತೆ ಹಾಕಿದ ಕೂಡಲೇ ನೀವು ಒತ್ಬೇಕು. ನೀವಲ್ಲ ಸರ್, ನಿಮ್ಮ ಮನೆಯವರು."

"ಹಾಕಿದೆ" ಎಂದು ಫೋನಿನಲ್ಲಿ ಕೇಳಿದ್ದೇ ತಡ, ಅವಳು ಒತ್ತಿದಳು. ಯಂತ್ರ ಕಿರುಚಿತು. ಮೊದಲನೇ ಹಾಳೆಯನ್ನು ನಿಧಾನವಾಗಿ ಒಳಗೆಳೆದುಕೊಂಡಿತು. ಎರಡನೆಯದು. ಅಂಗಡಿಯಾತನೂ ಉಸಿರು ಹಿಡಿದಿದ್ದ.

"ಬಂತು" ಎಂದಳು ದಾಖಲೆ ಕೋಣೆಯ ಹೆಂಗಸು. "ಹನ್ನೊಂದು ಐವತ್ತೆಂಟು. ಸಹಿ ಮಾತ್ರ ಅರ್ಧ ಇದೆ, ಕೊನೆಯ ಅಕ್ಷರ ಎಲ್ಲಿ?"

ನಾನು ನನ್ನ ಉಗುರು ನೋಡಿಕೊಂಡೆ. ಆಕೆ ನಕ್ಕಳು. "ಇರಲಿ ಬಿಡಿ. ಸೋಮವಾರ ಬನ್ನಿ."

ಹೋದೆವು. ಒಂದು ಕಣ್ಣು, ಆಮೇಲೆ ಇನ್ನೊಂದು. ಅವಳ ಪಟ್ಟಿ ಒಂದೊಂದಾಗಿ ಮುಗಿಯುತ್ತ ಬಂತು. ಮೊಮ್ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, "ಆ ಅನ್ನು" ಎಂದು ಆ ಸಂದಿಯನ್ನು ಎಷ್ಟು ಹೊತ್ತು ನೋಡಿದಳೆಂದರೆ, ಮಗುವಿಗೆ ದವಡೆ ನೋವು ಬಂತು. ಪತ್ರಿಕೆ ಓದಿ, "ಹೋದ ತಿಂಗಳು ಆನೆ ಬ್ಯಾಂಕಿಗೆ ನುಗ್ಗಿ ಸಾಲಲ್ಲಿ ನಿಂತ್ಕೊಂಡಿತ್ತು ಅಂದ್ರಲ್ಲ, ಅದು ಎಲ್ಲಿ ಬಂದಿತ್ತು?" ಎಂದು ಕೇಳಿದಳು. ನನ್ನ ಮುಖವನ್ನು ಕೊನೆಗೆ ನೋಡಿದಳು. ಬಹಳ ಹೊತ್ತು ನೋಡಿ, "ಎಡಗಿವಿ ಕೆಳಗೆ ನೀವು ಗಡ್ಡ ಹೆರೆದು ಎಷ್ಟು ವರ್ಷ ಆಯ್ತು?" ಎಂದಳು.

ನ್ಯಾಯಾಧೀಶರ ಬಳಿಗೆ ಗುಂಡಿಯ ತಪ್ಪಿಗೆ ಅವಳೂ ಸೊಂಟದ ತಪ್ಪಿಗೆ ನಾನೂ ಒಟ್ಟಿಗೆ ಹೋದೆವು. ಗುಂಡಿಯನ್ನು ಅವರೂ ಫ್ಯಾಶನ್ ಎಂದೇ ನಂಬಿದ್ದರಂತೆ. ಸೊಂಟದ ವಿಷಯ ಕೇಳಿ ಗಂಭೀರವಾದರು. "ಎಷ್ಟು ಅಂತ ಕಳಿಸಿದ್ರಿ?"

"ನಲವತ್ತನಾಲ್ಕು."

"ಈಗ ನಲವತ್ತಾರು. ತಿದ್ದುಪಡಿ ಕಳಿಸಿಬಿಡಿ."

ಆ ಸಂಜೆ ಇಬ್ಬರೂ ಸುತ್ತಾಡಲು ಹೊರಟೆವು. ಅವಳಿಗೀಗ ಐವತ್ತನಾಲ್ಕೂ ಮೆಟ್ಟಿಲು ಸ್ಪಷ್ಟ, ಎದುರು ಗೋಡೆಯ ಮೇಲಿನ ಜೇಡವೂ ಸ್ಪಷ್ಟ. ಇನ್ನು ನನ್ನ ತೋಳಿನ ಉದ್ಯೋಗ ಹೋಯಿತು ಎಂದುಕೊಂಡು ಒಂದು ಮೆಟ್ಟಿಲು ಮುಂದೆಯೇ ಇಳಿಯತೊಡಗಿದೆ. ಹಿಂದಿನಿಂದ ಕೈ ಬಂತು. ತೋಳನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿಯಿತು.

ಎದೆ ಉಬ್ಬಿತು. "ಕಣ್ಣು ಕಾಣುತ್ತಲ್ಲ, ಈಗ್ಯಾಕೆ ಹಿಡ್ಕೊಂಡೆ?" ಎಂದೆ, ಉತ್ತರ ಗೊತ್ತಿದ್ದವನ ಹಾಗೆ.

"ಇಷ್ಟು ದಿನ ಮೆಟ್ಟಿಲು ಕಾಣ್ತಿರಲಿಲ್ಲ, ಅದಕ್ಕೆ ನೀವು ಬೇಕಿತ್ತು" ಎಂದಳು. "ಈಗ ನೀವು ಕಾಲಿಡೋದು ಕಾಣ್ತಿದೆ. ಅಯ್ಯೋ ದೇವರೇ, ಇವರನ್ನ ನಂಬಿಕೊಂಡಾ ನಾನು ಮೂರು ಮಹಡಿ ಇಳೀತಿದ್ದದ್ದು! ಬಿಡಬೇಡಿ, ಗಟ್ಟಿಯಾಗಿ ಹಿಡ್ಕೊಳ್ಳಿ."